ಪೀನಟ್ ಬಟರ್ ಕುಕೀ: ಅಚ್ಚಿನ ಆಕಾರ ಉಳಿಯಲಿ, ಐಸಿಂಗ್‌ಗೆ ಎಣ್ಣೆ ಏರದಿರಲಿ

ಕ್ರಿಸ್ಮಸ್‌ಗೆಂದು ನಕ್ಷತ್ರ, ಮರ, ಗಂಟೆ, ಹಿಮಸಾರಂಗದ ಆಕಾರದಲ್ಲಿ ಕತ್ತರಿಸಿ ಬೇಯಿಸಿ, ಮೇಲೆ ಐಸಿಂಗ್ ಬಿಡಿಸುವ ಪೀನಟ್ ಬಟರ್ ಕುಕೀಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ತೊಂದರೆಯ ಬಗ್ಗೆ ಬಂದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಚಮಚದಿಂದ ಟ್ರೇಗೆ ಹಾಕಿ ಬೇಯಿಸುವ ಪೀನಟ್ ಬಟರ್ ಕುಕೀ ನನಗೆ ಚೆನ್ನಾಗಿಯೇ ಬರುತ್ತದೆ. ಅದೇ ಹಿಟ್ಟನ್ನು ಲಟ್ಟಿಸಿ ನಕ್ಷತ್ರದ ಅಚ್ಚಿನಲ್ಲಿ ಕತ್ತರಿಸಿದರೆ ಮಾತ್ರ ಹರಡಿಕೊಂಡು ದುಂಡಗಾಗುತ್ತದೆ. ಅಚ್ಚಿನ ಕುಕೀಗೆ ಅಳತೆಯೇ ಬೇರೆಯೇ?

ಉತ್ತರ: ಬೇರೆಯೇ. ಪೀನಟ್ ಬಟರ್‌ನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಚಮಚದ ಕುಕೀಯಲ್ಲಿ ಆ ಎಣ್ಣೆಯ ಜೊತೆ ಬೆಣ್ಣೆ, ಧಾರಾಳ ಸಕ್ಕರೆ, ಅಡುಗೆ ಸೋಡಾ ಎಲ್ಲವೂ ಇರುತ್ತವೆ. ಬಿಸಿ ತಾಗಿದ ಕೂಡಲೇ ಕೊಬ್ಬು ಕರಗುತ್ತದೆ, ಸಕ್ಕರೆ ಪಾಕವಾಗುತ್ತದೆ, ಸೋಡಾ ಹಿಟ್ಟನ್ನು ಸಡಿಲಿಸುತ್ತದೆ. ಮೈದಾ ಬೆಂದು ಬಿಗಿಯಾಗುವಷ್ಟರಲ್ಲಿ ಹಿಟ್ಟು ಹರಿದಾಗಿರುತ್ತದೆ. ದುಂಡು ಕುಕೀಗೆ ಬೇಕಾಗಿರುವುದೂ ಅದೇ. ಐದು ಮೂಲೆಯ ನಕ್ಷತ್ರಕ್ಕೆ ಅದು ಆಗಿಬರುವುದಿಲ್ಲ. ಹಾಗಾಗಿ ಸೋಡಾ ಬಿಡಬೇಕು, ಸಕ್ಕರೆ ಇಳಿಸಬೇಕು, ಮೈದಾ ಏರಿಸಬೇಕು, ಹಿಟ್ಟನ್ನು ತಣ್ಣಗಿಡಬೇಕು.

7 ಸೆಂ.ಮೀ. ಅಚ್ಚಿನಲ್ಲಿ ಸುಮಾರು 28 ಕುಕೀಗೆ ಬೇಕಾಗುವುದು: ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ನುಣುಪಾದ ಪೀನಟ್ ಬಟರ್ 130 ಗ್ರಾಂ, ಪುಡಿ ಸಕ್ಕರೆ 130 ಗ್ರಾಂ, ಮೊಟ್ಟೆ ಒಂದು (ಚಿಪ್ಪು ಬಿಟ್ಟು 50 ಗ್ರಾಂ), ವೆನಿಲಾ 1 ಟೀ ಚಮಚ, ಮೈದಾ 265 ಗ್ರಾಂ, ಬೇಕಿಂಗ್ ಪೌಡರ್ ಕಾಲು ಟೀ ಚಮಚ. ಪೀನಟ್ ಬಟರ್‌ನಲ್ಲಿ ಉಪ್ಪಿದ್ದರೆ ಕಾಲು ಟೀ ಚಮಚ ಉಪ್ಪು, ಇಲ್ಲದಿದ್ದರೆ ಅರ್ಧ. ಉಪ್ಪನ್ನು ಬಿಡಬೇಡಿ. ಮೇಲೆ ಬರುವ ಐಸಿಂಗ್ ಬರೀ ಸಕ್ಕರೆ. ಅದರ ಸಿಹಿಯನ್ನು ತಡೆಯುವುದು ಈ ಉಪ್ಪೇ. ಹರಳು ಸಕ್ಕರೆಯ ಬದಲು ಪುಡಿ ಸಕ್ಕರೆ ಹೇಳಿರುವುದಕ್ಕೂ ಕಾರಣವಿದೆ: ಹರಳು ಓವನ್ನಿನಲ್ಲಿ ನಿಧಾನವಾಗಿ ಕರಗುತ್ತಾ ಕುಕೀಯನ್ನು ಹರಡಿಸುತ್ತದೆ.

ಬೆಣ್ಣೆ ಬೆರಳೊತ್ತಿದರೆ ತಗ್ಗಬೇಕು, ಆದರೆ ಮುಟ್ಟಿದರೆ ತಂಪಾಗಿಯೇ ಇರಬೇಕು. ಬೆಣ್ಣೆ, ಪೀನಟ್ ಬಟರ್, ಸಕ್ಕರೆಯನ್ನು ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ ನಿಮಿಷ ಕಲೆಸಿ ನಿಲ್ಲಿಸಿ. ಕೇಕಿಗೆ ಮಾಡುವಂತೆ ಬೆಳ್ಳಗಾಗುವವರೆಗೆ ಬೀಟ್ ಮಾಡಿದರೆ ಒಳಗೆ ಗಾಳಿ ತುಂಬಿಕೊಳ್ಳುತ್ತದೆ. ಕುಕೀ ಓವನ್ನಿನಲ್ಲಿ ಉಬ್ಬಿ, ಹೊರಗೆ ಬಂದು ಕುಸಿದು, ಅಂಚು ಮಸುಕಾಗುತ್ತದೆ. ಮೊಟ್ಟೆ, ವೆನಿಲಾ ಸೇರಿಸಿ. ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಜರಡಿ ಹಿಡಿದು ಎರಡು ಕಂತಿನಲ್ಲಿ ಹಾಕಿ, ಒಣ ಹಿಟ್ಟು ಕಾಣದಂತಾದಾಗ ಕೈ ತೆಗೆಯಿರಿ.

ಈಗ ಬಹಳಷ್ಟು ಜನ ಹಿಟ್ಟನ್ನು ಉಂಡೆ ಮಾಡಿ ಫ್ರಿಜ್ಜಿಗೆ ಸೇರಿಸುತ್ತಾರೆ. ಬೇಡ. ತಣ್ಣಗಾದ ಉಂಡೆ ಲಟ್ಟಣಿಗೆಯ ಕೆಳಗೆ ಬಿರಿಯುತ್ತದೆ. ಮೆತ್ತಗಿರುವಾಗಲೇ ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು 6 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಕಾಗದದ ಸಮೇತ ಚಪ್ಪಟೆಯಾಗಿಯೇ ಫ್ರಿಜ್ಜಿನಲ್ಲಿ 45 ನಿಮಿಷದಿಂದ ಒಂದು ಗಂಟೆ ಇಡಿ. ಕಾಗದದ ಎರಡೂ ಬದಿಗೆ 6 ಮಿ.ಮೀ. ದಪ್ಪದ ಮರದ ಪಟ್ಟಿ ಇಟ್ಟು ಅದರ ಮೇಲೆ ಲಟ್ಟಣಿಗೆ ಓಡಿಸಿದರೆ ದಪ್ಪ ಎಲ್ಲ ಕಡೆ ಒಂದೇ ಇರುತ್ತದೆ. ಆಮೇಲೆ ಕತ್ತರಿಸಿ, ಟ್ರೇಗೆ ಜೋಡಿಸಿ, ಟ್ರೇಯನ್ನೇ ಫ್ರೀಜರ್‌ನಲ್ಲಿ 15 ನಿಮಿಷ ಇಟ್ಟು ನೇರ ಓವನ್ನಿಗೆ. 175 ಡಿಗ್ರಿ ಸೆಲ್ಸಿಯಸ್, ಮಧ್ಯದ ಹಂತ, 10ರಿಂದ 12 ನಿಮಿಷ. ಫ್ಯಾನ್ ಇರುವ ಓವನ್ ಆದರೆ 160 ಡಿಗ್ರಿ ಸಾಕು.

ಮಿಕ್ಕ ತುಂಡುಗಳನ್ನು ಒಟ್ಟುಗೂಡಿಸಿ ಮತ್ತೆ ಲಟ್ಟಿಸಬಹುದು, ಎರಡು ಸಲ ಮಾತ್ರ. ಪ್ರತಿ ಸಲವೂ ಕೈಬಿಸಿಗೆ ಎಣ್ಣೆ ಹೊರಬರುತ್ತದೆ, ಮೂರನೆಯ ಸಲದ ಕುಕೀ ಗಡುಸಾಗುತ್ತದೆ.

ಪ್ರಶ್ನೆ: ಹಿಟ್ಟು ಲಟ್ಟಿಸುವಾಗಲೇ ಅಂಚು ಬಿರಿದು ಪುಡಿಪುಡಿಯಾಗುತ್ತದೆ. ಹಾಲು ಹಾಕಿದರೆ ಅಂಟಂಟಾಗುತ್ತದೆ. ನಡುವಿನ ಹದ ಸಿಗುತ್ತಲೇ ಇಲ್ಲ.

ಉತ್ತರ: ಮೊದಲು ಮೈದಾವನ್ನು ಹೇಗೆ ಅಳೆದಿರಿ ಎಂದು ನೋಡಿ. ಸಡಿಲವಾಗಿ ತುಂಬಿ ಅಂಚಿಗೆ ಸಮ ಮಾಡಿದ ಕಪ್ಪಿನಲ್ಲಿ 120–125 ಗ್ರಾಂ ಹಿಡಿಯುತ್ತದೆ. ಡಬ್ಬಿಗೆ ಕಪ್ಪನ್ನೇ ಅದ್ದಿ ತೆಗೆದರೆ 150 ಗ್ರಾಂವರೆಗೂ ಹೋಗುತ್ತದೆ. ಎರಡು ಕಪ್ಪಿಗೆ 50 ಗ್ರಾಂ ಹೆಚ್ಚಾಯಿತು ಎಂದರೆ ಹಿಟ್ಟು ಒಡೆಯದೆ ಇನ್ನೇನು? ಪೀನಟ್ ಬಟರ್ ಅಂತೂ ಕಪ್ಪಿನ ಗೋಡೆಗೆ ಅಂಟಿಕೊಂಡು ಅಳತೆ ಕೆಡಿಸುವುದರಲ್ಲಿ ಎತ್ತಿದ ಕೈ. ಈ ಕುಕೀಗೆ ತಕ್ಕಡಿಯೇ ಸರಿ.

ಎರಡನೆಯದು, ಈ ಹಿಟ್ಟಿಗೆ ಸ್ವಭಾವತಃ ಜಿಗುಟು ಕಡಿಮೆ. ಎಣ್ಣೆ ಮೈದಾದ ಕಣಗಳನ್ನು ಸುತ್ತುವರಿದು ನೀರು ತಾಗದಂತೆ ಮಾಡುತ್ತದೆ, ಹಿಟ್ಟಿಗೆ ಜಿಗುಟು ಕೊಡುವ ಗ್ಲೂಟನ್ ಎಂಬ ಪ್ರೋಟೀನ್ ಜಾಲ ಬೆಳೆಯುವುದಿಲ್ಲ. ಕುಕೀ ಬಾಯಲ್ಲಿ ಪುಡಿಯಾಗಿ ಕರಗುವುದು ಅದರಿಂದಲೇ, ಲಟ್ಟಿಸುವಾಗ ಕಾಡುವುದೂ ಅದರಿಂದಲೇ. ಬಿರಿಯುತ್ತಿರುವ ಹಿಟ್ಟು ಫ್ರಿಜ್ಜಿನಿಂದ ಆಗಷ್ಟೇ ಹೊರಬಂದಿದ್ದರೆ 5–10 ನಿಮಿಷ ಹೊರಗಿಟ್ಟು, ಅಂಗೈಯಿಂದ ನಾಲ್ಕೈದು ಸಲ ಒತ್ತಿ ಒಂದುಗೂಡಿಸಿ. ಆಗಲೂ ಕೂಡಿಕೊಳ್ಳದಿದ್ದರೆ ಮಾತ್ರ 1 ಟೀ ಚಮಚ ಹಾಲು, ಮತ್ತೂ ಬೇಕಾದರೆ ಇನ್ನೊಂದು. ಅಲ್ಲಿಗೆ ನಿಲ್ಲಿಸಿ.

ಅಂಟಂಟಾದ ಹಿಟ್ಟು ಎಣ್ಣೆಯಿಂದ ಮಿರುಗುತ್ತಿದ್ದರೆ ಅದು ಬಿಸಿಯ ತೊಂದರೆ, ಮೈದಾ ಕೊರತೆಯದಲ್ಲ. ಹಿಟ್ಟು ಉದುರಿಸದೆ ಅರ್ಧ ಗಂಟೆ ತಣ್ಣಗಿಡಿ.

ಪ್ರಶ್ನೆ: ಮನೆಯಲ್ಲೇ ಕಡಲೆಬೀಜ ಹುರಿದು ರುಬ್ಬಿದ ಪೀನಟ್ ಬಟರ್ ಬಳಸಬಹುದೇ? ಮೇಲೆ ಎಣ್ಣೆ ತೇಲುವ, ಬರೀ ಕಡಲೆಬೀಜದಿಂದ ಮಾಡಿದ ಬಾಟಲಿಯದ್ದಾದರೆ?

ಉತ್ತರ: ಎರಡೂ ಒಂದೇ ಜಾತಿ. ಎಣ್ಣೆ ಬೇರ್ಪಡದ ಪೀನಟ್ ಬಟರ್‌ನಲ್ಲಿ ಸ್ವಲ್ಪ ಹೈಡ್ರೋಜನೀಕೃತ ಎಣ್ಣೆ ಸೇರಿಸಿರುತ್ತಾರೆ. ಅದು ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾಗಿದ್ದು, ಕಡಲೆಬೀಜದ ಎಣ್ಣೆಯನ್ನು ತನ್ನ ಹರಳುಗಳ ನಡುವೆ ಹಿಡಿದಿಟ್ಟುಕೊಳ್ಳುತ್ತದೆ. ಮನೆಯದ್ದರಲ್ಲಿ ಆ ಹಿಡಿತವಿಲ್ಲ. ರುಚಿಗೆ ಮನೆಯದ್ದೇ ಮೇಲು, ಅಂಚಿನ ಚೂಪಿಗೆ ಅಂಗಡಿಯದ್ದು. ಸರಳವಾದ ಹೃದಯ, ಗಂಟೆ, ಮರ ಮಾಡುವುದಾದರೆ ಮನೆಯದ್ದು ಬಳಸಿ. ಹಿಮದ ಹರಳಿನಂಥ ಸೂಕ್ಷ್ಮ ಅಚ್ಚಿಗೆ ಬೇಡ.

ಬಳಸುವಾಗ ಬೆಣ್ಣೆಯನ್ನು 115ರಿಂದ 100 ಗ್ರಾಂಗೆ ಇಳಿಸಿ, ಮೈದಾವನ್ನು 275ಕ್ಕೆ ಏರಿಸಿ, ತಣಿಸುವ ಹೊತ್ತನ್ನು ಒಂದೂವರೆ ಗಂಟೆ ಮಾಡಿ. ಬಾಟಲಿಯದ್ದಾದರೆ ತಳದವರೆಗೂ ಕಲಕಿದ ಮೇಲೆಯೇ ತೂಗಿ. ಮೇಲ್ಭಾಗ ತೆಗೆದರೆ ಬರೀ ಎಣ್ಣೆ, ತಳದ್ದು ತೆಗೆದರೆ ಒಣ ಮುದ್ದೆ; ಎರಡರಿಂದಲೂ ಕುಕೀ ಕೆಡುತ್ತದೆ.

ಮನೆಯಲ್ಲಿ ಮಾಡುವಾಗ 150 ಗ್ರಾಂ ಕಡಲೆಬೀಜವನ್ನು 170 ಡಿಗ್ರಿಯಲ್ಲಿ 12–15 ನಿಮಿಷ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಬೆಚ್ಚಗಿರುವಾಗಲೇ ರುಬ್ಬಿ. ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ಹರಿಯುವ ಹದ. ಮುದ್ದೆಯ ಹಂತದಲ್ಲಿ ಬೇಸತ್ತು ನೀರು ಹಾಕಿದಿರೋ, ಅದು ಇನ್ನಷ್ಟು ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಮಿಕ್ಸಿಗೆ ನಡುನಡುವೆ ವಿರಾಮ ಕೊಡಿ, ನೀರು ಮಾತ್ರ ಬೇಡ.

ಪ್ರಶ್ನೆ: ತುಣುಕುಗಳಿರುವ ಕ್ರಂಚಿ ಪೀನಟ್ ಬಟರ್?

ಉತ್ತರ: ಅಚ್ಚಿನ ಕುಕೀಗೆ ಬೇಡ. ಅಚ್ಚಿನ ಅಲಗಿಗೆ ತುಣುಕು ಸಿಕ್ಕಿ ಎಳೆದುಕೊಂಡು ಹೋಗುತ್ತದೆ, ಅಂಚು ಹರಿಯುತ್ತದೆ.

ಪ್ರಶ್ನೆ: ನಾವು ಮೊಟ್ಟೆ ತಿನ್ನುವುದಿಲ್ಲ. ಕುಕೀಗೂ ಐಸಿಂಗ್‌ಗೂ ಮೊಟ್ಟೆ ಇಲ್ಲದ ದಾರಿ ತಿಳಿಸಿ.

ಉತ್ತರ: ಹಿಟ್ಟಿನ ಮಟ್ಟಿಗೆ ಸುಲಭ. ಒಂದು ಮೊಟ್ಟೆಯ ಬದಲು 2 ದೊಡ್ಡ ಚಮಚ (30 ಮಿ.ಲೀ.) ಹಾಲಿನಲ್ಲಿ 1 ದೊಡ್ಡ ಚಮಚ ಕಾರ್ನ್‌ಫ್ಲೋರ್ ಕಲಸಿ ಹಾಕಿ. ಮೊಟ್ಟೆ ಬೇಯುವಾಗ ಹಿಟ್ಟನ್ನು ಬಿಗಿಯುವ ಕೆಲಸದಲ್ಲಿ ಒಂದಷ್ಟನ್ನು ಕಾರ್ನ್‌ಫ್ಲೋರ್ ಮಾಡುತ್ತದೆ. ಪೂರ್ತಿ ಅಲ್ಲ, ಕುಕೀ ಇನ್ನೂ ಪುಡಿಪುಡಿಯಾಗಿರುತ್ತದೆ, ಆದ್ದರಿಂದ 7 ಮಿ.ಮೀ. ದಪ್ಪ ಇಡಿ, ತೆಳು ಕೊಂಬು-ಕಾಲುಗಳ ಆಕಾರ ಬಿಡಿ.

ಐಸಿಂಗ್‌ಗೆ ಎರಡು ದಾರಿ. ಒಂದು, ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು. ಉಪ್ಪಿಲ್ಲದೆ ಬೇಯಿಸಿ, ಆ ನೀರನ್ನು ಮೊಟ್ಟೆಯ ಬಿಳಿಯಷ್ಟು ಲೋಳೆಯಾಗುವವರೆಗೆ ಕುದಿಸಿ ಇಳಿಸಿ ಆರಿಸಿ. 450 ಗ್ರಾಂ ಐಸಿಂಗ್ ಶುಗರ್‌ಗೆ 60–75 ಮಿ.ಲೀ. ಹಿಡಿಯುತ್ತದೆ, ಐದಾರು ನಿಮಿಷ ಬೀಟ್ ಮಾಡಿದರೆ ಮೊಟ್ಟೆಯ ಬಿಳಿ ಹಾಕಿ ಮಾಡುವ ರಾಯಲ್ ಐಸಿಂಗ್‌ನಂತೆಯೇ ಗಟ್ಟಿಯಾಗಿ ಒಣಗುತ್ತದೆ. ಕಡಲೆಯ ವಾಸನೆ ಒಣಗಿದ ಮೇಲೆ ಉಳಿಯುವುದಿಲ್ಲ, ಒಂದೆರಡು ಹನಿ ವೆನಿಲಾ ಹಾಕಿದರೆ ಇನ್ನೂ ಒಳ್ಳೆಯದು. ಆದರೆ ಕಡಲೆಬೀಜದ ಅಲರ್ಜಿ ಇರುವವರಲ್ಲಿ ಕೆಲವರಿಗೆ ಬೇರೆ ಕಾಳುಗಳೂ ಆಗಿಬರುವುದಿಲ್ಲ. ಈ ಐಸಿಂಗನ್ನು ಅಂಥವರಿಗೆ ಕೊಡುವ ಬೇರೆ ಕುಕೀಗೆ ಬಳಸುವ ಮುನ್ನ ವಿಚಾರಿಸಿ.

ಇನ್ನೊಂದು, 250 ಗ್ರಾಂ ಐಸಿಂಗ್ ಶುಗರ್, 30 ಮಿ.ಲೀ. ಹಾಲು, 1 ದೊಡ್ಡ ಚಮಚ ಕಾರ್ನ್ ಸಿರಪ್. ಹೊಳಪು ಚೆನ್ನಾಗಿರುತ್ತದೆ, ಕಚ್ಚಿದರೆ ಮೆತ್ತಗಿರುತ್ತದೆ. ಒಣಗಲು ಪೂರ್ತಿ ಒಂದು ದಿನ ಬೇಕು, ಒಣಗಿದ ಮೇಲೂ ಒಂದರ ಮೇಲೊಂದು ಪೇರಿಸಿದರೆ ಗುರುತು ಬೀಳುತ್ತದೆ. ಡಬ್ಬಿಯಲ್ಲಿ ತುಂಬಿ ಕೊಡುವುದಿದ್ದರೆ ಮೊದಲನೆಯದ್ದೇ ಆರಿಸಿ.

ಪ್ರಶ್ನೆ: ಕುಕೀ ಬೆಂದಿದೆ ಎಂದು ಹೇಗೆ ತಿಳಿಯುವುದು? ಹೊಂಬಣ್ಣ ಬರಲಿ ಎಂದು ಕಾದರೆ ಗಟ್ಟಿಯಾಗಿ ಕಹಿಯಾಗುತ್ತದೆ.

ಉತ್ತರ: ಹಿಟ್ಟೇ ಕಂದು ಬಣ್ಣದ್ದು, ಬಣ್ಣ ನೋಡಿ ತೀರ್ಮಾನಿಸಲು ಹೋಗಬೇಡಿ. ಹೊಳಪು ನೋಡಿ. ಹಸಿ ಕುಕೀಯ ಮೇಲ್ಮೈ ಎಣ್ಣೆಯಿಂದ ಮಿರುಗುತ್ತದೆ, ಬೆಂದಾಗ ಅಂಚಿನಿಂದ ಒಳಕ್ಕೆ ಮಂಕಾಗುತ್ತಾ ಬರುತ್ತದೆ. ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಹೊಳೆಯುತ್ತಿರುವಾಗ ತೆಗೆದರೆ ಟ್ರೇಯ ಬಿಸಿಯಲ್ಲೇ ಉಳಿದದ್ದು ಬೇಯುತ್ತದೆ. ಹೊರಗೆ ಬಂದಾಗ ಮೆತ್ತಗಿದ್ದು ಎತ್ತಿದರೆ ಮುರಿಯುತ್ತದೆ. 5 ನಿಮಿಷ ಟ್ರೇಯಲ್ಲೇ ಬಿಟ್ಟು ಆಮೇಲೆ ಜಾಲರಿಗೆ ವರ್ಗಾಯಿಸಿ. ಒಂದನ್ನು ತಿರುಗಿಸಿ ತಳ ನೋಡಿ: ಮೇಲ್ಭಾಗಕ್ಕಿಂತ ಒಂದು ಛಾಯೆ ಗಾಢವಾಗಿದ್ದರೆ ಸರಿ, ಕಪ್ಪಂಚು ಕಂಡರೆ ಮುಂದಿನ ಟ್ರೇಗೆ ಒಂದೂವರೆ ನಿಮಿಷ ಕಡಿಮೆ ಮಾಡಿ. ಕಹಿಗೆ ಕಾರಣ ಹುರಿದ ಕಡಲೆಬೀಜ ಎರಡನೇ ಸಲ ಅತಿಯಾಗಿ ಹುರಿದುಕೊಳ್ಳುವುದು. ಅದನ್ನು ಯಾವ ಐಸಿಂಗೂ ಮುಚ್ಚುವುದಿಲ್ಲ.

ಎರಡನೇ ಬ್ಯಾಚನ್ನು ಬಿಸಿ ಟ್ರೇಯ ಮೇಲೆ ಜೋಡಿಸಬೇಡಿ. ಓವನ್ನಿಗೆ ಹೋಗುವ ಮೊದಲೇ ಬೆಣ್ಣೆ ಕರಗಿ, ನೀವು ತಣಿಸಿದ್ದೆಲ್ಲ ವ್ಯರ್ಥವಾಗುತ್ತದೆ.

ಪ್ರಶ್ನೆ: ಹಿಮಸಾರಂಗದ ಕಾಲು ಮುರಿಯುತ್ತದೆ, ನಕ್ಷತ್ರದ ತುದಿ ಸೀಯುತ್ತದೆ.

ಉತ್ತರ: ಅಚ್ಚು ಕೊಳ್ಳುವಾಗಲೇ ಅತಿ ಕಿರಿದಾದ ಭಾಗವನ್ನು ನೋಡಿ. 1 ಸೆಂ.ಮೀ.ಗಿಂತ ಸಣ್ಣ ಕತ್ತು, ಕಾಲು, ಕೊಂಬು ಈ ಹಿಟ್ಟಿನಲ್ಲಿ ನಿಲ್ಲುವುದಿಲ್ಲ. ಇಡೀ ಸಾರಂಗದ ಬದಲು ಅದರ ಮುಖದ ಅಚ್ಚು ತೆಗೆದುಕೊಂಡು, ಕೊಂಬನ್ನು ಐಸಿಂಗ್‌ನಲ್ಲಿ ಬರೆದರೆ ಚೆಂದವೂ ಹೌದು, ಗಟ್ಟಿಯೂ ಹೌದು. ತುದಿ ಸೀಯದಿರಲು ಒಂದು ಟ್ರೇಯಲ್ಲಿ ಒಂದೇ ಗಾತ್ರದವನ್ನಷ್ಟೇ ಇಡಿ, ನಕ್ಷತ್ರದ ತುದಿಯನ್ನು ಬೆರಳಿಂದ ಕೂದಲೆಳೆಯಷ್ಟು ಮೊಂಡು ಮಾಡಿ. ಅಚ್ಚನ್ನು ಒತ್ತುವಾಗ ತಿರುಚಬೇಡಿ. ನೇರ ಒತ್ತಿ, ನೇರ ಎತ್ತಿ. ಆಕಾರವನ್ನು ಎತ್ತುವ ಬದಲು ಸುತ್ತಲಿನ ಹಿಟ್ಟನ್ನು ಎಳೆದು ತೆಗೆಯಿರಿ.

ಪ್ರಶ್ನೆ: ರಾಯಲ್ ಐಸಿಂಗ್ ಬಿಡಿಸಿದ ದಿನ ಕುಕೀ ಹಾಲಿನಷ್ಟು ಬೆಳ್ಳಗಿರುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಅಲ್ಲಲ್ಲಿ ಹಳದಿ, ಒದ್ದೆಯಂಥ ಕಲೆ. ಸಾದಾ ಬೆಣ್ಣೆ ಕುಕೀಗೆ ಹೀಗಾಗುವುದು ಕಡಿಮೆ. ಏಕೆ?

ಉತ್ತರ: ಪೀನಟ್ ಬಟರ್ ಕುಕೀ ಅಲಂಕರಿಸುವವರೆಲ್ಲರೂ ಎದುರಿಸುವ ತೊಂದರೆ ಇದು. ಬೆಣ್ಣೆ ತಣ್ಣಗಾದರೆ ಗಟ್ಟಿಯಾಗುತ್ತದೆ. ಕಡಲೆಬೀಜದ ಎಣ್ಣೆ ಹಾಗಲ್ಲ, ಕೋಣೆಯ ಉಷ್ಣತೆಯಲ್ಲೂ ದ್ರವವಾಗಿಯೇ ಇದ್ದು ಜಾಗ ಸಿಕ್ಕಲ್ಲಿಗೆ ಹರಿಯುತ್ತದೆ. ಒಣಗಿದ ಐಸಿಂಗ್ ನೋಡಲು ಕಲ್ಲಿನಂತಿದ್ದರೂ ಸಕ್ಕರೆ ಹರಳುಗಳ ನಡುವೆ ಸೂಕ್ಷ್ಮ ರಂಧ್ರಗಳಿರುತ್ತವೆ. ದೀಪದ ಬತ್ತಿಯಲ್ಲಿ ಏರುವಂತೆ ಎಣ್ಣೆ ಅವುಗಳಲ್ಲಿ ಏರುತ್ತದೆ. ಐಸಿಂಗ್ ಎಷ್ಟು ನೀರಾಗಿತ್ತೋ, ಆ ನೀರು ಆರಿದ ಮೇಲೆ ಅಷ್ಟು ರಂಧ್ರ.

ಆದ್ದರಿಂದ ತಡೆಯೂ ಅಲ್ಲಿಂದಲೇ ಶುರುವಾಗಬೇಕು. ಬೆಂದ ಕುಕೀಯನ್ನು ಎರಡು ಪದರ ಟಿಶ್ಯೂ ಕಾಗದದ ಮೇಲೆ ರಾತ್ರಿಯಿಡೀ ಬಿಡಿ. ಬೆಳಗ್ಗೆ ಹೊಸ ಕಾಗದದ ಮೇಲೆ ಒಂದನ್ನು ಗಂಟೆ ಹೊತ್ತು ಇಟ್ಟು ನೋಡಿ. ಕಾಗದ ಪಾರದರ್ಶಕವಾದರೆ ಇನ್ನೂ ಕಾಯಿರಿ. ಉಗುರುಬೆಚ್ಚಗಿರುವ ಕುಕೀಗೆ ಐಸಿಂಗ್ ಹಾಕುವುದಂತೂ ಕಲೆಯನ್ನು ಕೈಹಿಡಿದು ಕರೆದಂತೆ.

ಐಸಿಂಗ್ ಅಳತೆ: ಜರಡಿ ಹಿಡಿದ ಐಸಿಂಗ್ ಶುಗರ್ 450 ಗ್ರಾಂ, ಮೆರಾಂಗ್ ಪೌಡರ್ (ಒಣಗಿಸಿದ ಮೊಟ್ಟೆಯ ಬಿಳಿಯಿಂದ ಮಾಡಿದ ಪುಡಿ) 3 ದೊಡ್ಡ ಚಮಚ, ಉಗುರುಬೆಚ್ಚನೆಯ ನೀರು 75ರಿಂದ 90 ಮಿ.ಲೀ. ಬೀಟರನ್ನು ಕಡಿಮೆ ವೇಗದಲ್ಲಿಟ್ಟು 5–7 ನಿಮಿಷ, ಹೊಳಪು ಹೋಗಿ ತುದಿ ನೆಟ್ಟಗೆ ನಿಲ್ಲುವವರೆಗೆ. ಪಾತ್ರೆ, ಬೀಟರ್‌ಗಳಲ್ಲಿ ಎಣ್ಣೆಯ ಪಸೆ ಇರಬಾರದು. ಪೀನಟ್ ಬಟರ್ ಕಲೆಸಿದ ಅದೇ ಬಟ್ಟಲನ್ನು ತೊಳೆದು ಬಳಸುವವರು ಇದನ್ನು ಗಮನಿಸಿ. ಹಸಿ ಮೊಟ್ಟೆಯ ಬಿಳಿಯಲ್ಲೂ ಐಸಿಂಗ್ ಆಗುತ್ತದೆ, ಆದರೆ ಇದನ್ನು ಬೇಯಿಸುವುದಿಲ್ಲವಾದ್ದರಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯವಿದೆ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ತಿನ್ನುವ ಕುಕೀಗೆ ಮೆರಾಂಗ್ ಪೌಡರ್ ಅಥವಾ ಪಾಶ್ಚರೀಕರಿಸಿದ ಬಿಳಿಯನ್ನೇ ಬಳಸಿ.

ಈಗ ಹದ. ಅರ್ಧರ್ಧ ಟೀ ಚಮಚ ನೀರು ಸೇರಿಸುತ್ತಾ, ಚಾಕುವಿನಿಂದ ಮೇಲೆ ಒಂದು ಗೆರೆ ಎಳೆದು ಎಣಿಸಿ. ಗೆರೆ 10–12 ಸೆಕೆಂಡಿನಲ್ಲಿ ಮಾಯವಾದರೆ ಅದು ಸಾಮಾನ್ಯವಾಗಿ ಒಳಭಾಗ ತುಂಬಿಸಲು ಬಳಸುವ ಹದ. ಈ ಕುಕೀಗೆ ಅದು ತೀರಾ ತೆಳು. 18–20 ಸೆಕೆಂಡ್ ಹಿಡಿಯುವ ಹದದಲ್ಲಿ ನಿಲ್ಲಿಸಿ. ಅಂಚಿನ ಗೆರೆಗೂ ಒಳಗಿನ ತುಂಬುವಿಕೆಗೂ ಅದೇ ಸಾಕು. ಸೂಜಿಯಿಂದಲೋ ಹಲ್ಲುಕಡ್ಡಿಯಿಂದಲೋ ಮೂಲೆಗಳಿಗೆ ಎಳೆದು, ಗುಳ್ಳೆ ಒಡೆದು, ಕುಕೀಯನ್ನು ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ ಸಮ ಮಾಡಿ. ಅಚ್ಚ ಬಿಳಿಯೇ ಬೇಕು ಎನ್ನುವವರು ಮೊದಲು ಗಟ್ಟಿ ಐಸಿಂಗನ್ನು ಚಾಕುವಿನಿಂದ ಕಾಗದದಷ್ಟು ತೆಳುವಾಗಿ ಸವರಿ, ಒಂದು ಗಂಟೆ ಒಣಗಿಸಿ, ಅದರ ಮೇಲೆ ತುಂಬಿಸಲಿ. ಎರಡು ಪದರ ದಾಟಲು ಎಣ್ಣೆಗೆ ಹೆಚ್ಚು ದಿನ ಬೇಕು.

ಬೇಗ ಒಣಗಲಿ ಎಂದು ಬೆಚ್ಚನೆಯ ಓವನ್ನಿನಲ್ಲಿ ಇಡುವ ಉಪಾಯ ಇಲ್ಲಿ ತಿರುಗುಬಾಣ. ಬೆಣ್ಣೆ ಕರಗುವುದು 32–35 ಡಿಗ್ರಿಯಲ್ಲಿ. ಅದಕ್ಕಿಂತ ಬಿಸಿಯಾದರೆ ಬೆಣ್ಣೆಯೂ ಕಡಲೆಬೀಜದ ಎಣ್ಣೆಯ ಜೊತೆ ಮೇಲೇರುತ್ತದೆ. ಫ್ಯಾನ್ ಗಾಳಿಗೆ ಒಡ್ಡಿ. ಮೊದಲ ಒಂದು ಗಂಟೆ ಗಾಳಿ ಸಿಕ್ಕರೆ ಮೇಲ್ಮೈ ಬೇಗ ಕಟ್ಟಿ ಹೊಳಪೂ ಉಳಿಯುತ್ತದೆ, ಪೂರ್ತಿ ಒಣಗಲು 8ರಿಂದ 12 ಗಂಟೆ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನೂ ಹೇಳಿಬಿಡುತ್ತೇವೆ: ಈ ಕುಕೀಯನ್ನು ಪೂರ್ತಿ ಮುಚ್ಚುವ ಹಂಬಲವೇ ಬೇಡ. ಕಂದು ಬಣ್ಣ ಸಾರಂಗಕ್ಕೆ, ಮರದ ಕಾಂಡಕ್ಕೆ, ಮನೆಯ ಗೋಡೆಗೆ ತಾನಾಗಿಯೇ ಹೊಂದುತ್ತದೆ. ಅಂಚಿಗೊಂದು ಬಿಳಿ ಗೆರೆ, ನಾಲ್ಕು ಚುಕ್ಕಿ, ಕೆಂಪು ಮೂಗು. ಗೆರೆಯ ಐಸಿಂಗ್ ಗಟ್ಟಿಯಾದ್ದರಿಂದ ಕಲೆಯೂ ಅಪರೂಪ, ಕಡಲೆಬೀಜದ ರುಚಿಯೂ ಸಕ್ಕರೆಯಡಿ ಮುಳುಗುವುದಿಲ್ಲ.

ಪ್ರಶ್ನೆ: ಸಾಂಟಾ ಟೋಪಿಯ ಕೆಂಪು ಪಕ್ಕದ ಬಿಳಿಗೆ ಇಳಿದು ಗುಲಾಬಿಯಾಯಿತು. ಇನ್ನೊಂದು ಸಲ ಕೆಂಪು ಬರಲೇ ಇಲ್ಲ, ಎಷ್ಟು ಬಣ್ಣ ಹಾಕಿದರೂ ಗುಲಾಬಿಯೇ.

ಉತ್ತರ: ಎರಡಕ್ಕೂ ಔಷಧ ಕಾಯುವುದು. ಕೆಂಪು ಐಸಿಂಗನ್ನು ಹಿಂದಿನ ದಿನವೇ ಕಲೆಸಿ, ಬೇಕಾದದ್ದಕ್ಕಿಂತ ಒಂದು ಛಾಯೆ ತಿಳಿಯಾಗಿ ನಿಲ್ಲಿಸಿ, ಮೇಲ್ಮೈಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮುಚ್ಚಿಡಿ. ಗಂಟೆಗಳು ಕಳೆದಂತೆ ಬಣ್ಣ ತಾನೇ ಗಾಢವಾಗುತ್ತದೆ. ಆಗಲೇ ಕೆಂಪು ಕಾಣಬೇಕೆಂದು ಸುರಿಯುತ್ತಾ ಹೋದರೆ ಕಹಿಯಾಗುತ್ತದೆ, ಹೆಚ್ಚಾದ ಬಣ್ಣ ಪಕ್ಕಕ್ಕೂ ಇಳಿಯುತ್ತದೆ. ನೀರು ಬಣ್ಣ ಬೇಡ, ಜೆಲ್ ಬಣ್ಣ ಬಳಸಿ.

ಬಿಡಿಸುವಾಗ ಮೊದಲು ಕೆಂಪು. ಅದು 8 ಗಂಟೆಯಾದರೂ ಒಣಗಲಿ, ಆಮೇಲೆ ಟೋಪಿಯ ಬಿಳಿ ಅಂಚನ್ನು ಗಟ್ಟಿ ಐಸಿಂಗ್‌ನಿಂದ. ತೇವದ ಹವೆಯಲ್ಲಿ ಇನ್ನೂ ಹೆಚ್ಚು ಹೊತ್ತು ಕೊಡಿ. ಅಲಂಕರಿಸಿದ ಕುಕೀಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಹೊರತೆಗೆದಾಗ ಮೇಲೆ ಕೂರುವ ನೀರಹನಿಗಳು ಬಣ್ಣವನ್ನು ಕರಗಿಸಿ ಹರಿಸುತ್ತವೆ.

ಪ್ರಶ್ನೆ: ಐಸಿಂಗ್ ಬದಲು ಚಾಕೊಲೇಟಿನಲ್ಲಿ ಅದ್ದಬಹುದೇ?

ಉತ್ತರ: ರುಚಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಕಪ್ಪು ಚಾಕೊಲೇಟನ್ನು 45 ಡಿಗ್ರಿಗೆ ಕರಗಿಸಿ, 27–28ಕ್ಕೆ ತಣಿಸಿ, ಮತ್ತೆ 31–32ಕ್ಕೆ ಏರಿಸಿ ಅದ್ದಿದರೆ ಹೊಳಪಾಗಿ ಕಟ್ಟುತ್ತದೆ. ಥರ್ಮಾಮೀಟರ್ ಇಲ್ಲದವರಿಗೆ ಕಾಂಪೌಂಡ್ ಚಾಕೊಲೇಟ್ (ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ್ದು), ಕರಗಿಸಿದರೆ ಸಾಕು. ಆದರೆ ಇಲ್ಲಿಯೂ ಎಣ್ಣೆ ಬಿಡುವುದಿಲ್ಲ. ಕಡಲೆಬೀಜದ ಎಣ್ಣೆ ಚಾಕೊಲೇಟಿನೊಳಗೆ ಸೇರುತ್ತಾ ಅದನ್ನು ಮೆತ್ತಗಾಗಿಸುತ್ತದೆ, ದಿನ ಕಳೆದಂತೆ ಮೇಲೆ ಬೂದಿಯಂಥ ಬಿಳಿ ಪೊರೆ ಬರುತ್ತದೆ. ತಿನ್ನಲು ತೊಂದರೆಯಿಲ್ಲ, ನೋಟ ಕೆಡುತ್ತದೆ. ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಅದ್ದಿ.

ಪ್ರಶ್ನೆ: ಕುಕೀ ಕೊಡಬೇಕೆಂದಿರುವ ಮನೆಯಲ್ಲಿ ಮಗುವಿಗೆ ಕಡಲೆಬೀಜದ ಅಲರ್ಜಿ. ಪೀನಟ್ ಬಟರ್ ಬದಲು ಸೂರ್ಯಕಾಂತಿ ಬೀಜದ ಬಟರ್ ಹಾಕಿ ನೋಡಿದೆ. ಮರುದಿನ ಒಳಗೆ ಹಸಿರಾಗಿತ್ತು! ಕೆಟ್ಟಿತೇ?

ಉತ್ತರ: ಕೆಟ್ಟಿಲ್ಲ. ಸೂರ್ಯಕಾಂತಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ, ಸೋಡಾ ಅಥವಾ ಬೇಕಿಂಗ್ ಪೌಡರಿನ ಕ್ಷಾರದೊಡನೆ ಸೇರಿದಾಗ ಹಸಿರು ಬಣ್ಣ ಹುಟ್ಟುತ್ತದೆ, ಅಪಾಯವಿಲ್ಲ. ಬೇಕಿಂಗ್ ಪೌಡರನ್ನು ಪೂರ್ತಿ ಬಿಟ್ಟು 1 ಟೀ ಚಮಚ ನಿಂಬೆರಸ ಸೇರಿಸಿದರೆ ಹಸಿರು ತಗ್ಗುತ್ತದೆ. ಕ್ರಿಸ್ಮಸ್ ಮರದ ಅಚ್ಚಾದರೆ ಹಾಗೇ ಬಿಟ್ಟರೂ ನಡೆದೀತು.

ಆದರೆ ದೊಡ್ಡ ಪ್ರಶ್ನೆ ಬಣ್ಣದ್ದಲ್ಲ. ಓವನ್ನಿನ ಬಿಸಿ ಕಡಲೆಬೀಜದ ಅಲರ್ಜಿಕಾರಕ ಪ್ರೋಟೀನನ್ನು ನಾಶ ಮಾಡುವುದಿಲ್ಲ, ಲವಲೇಶವೂ ಕೆಲವರಿಗೆ ಪ್ರಾಣಾಪಾಯ ತರಬಲ್ಲದು. ಪೀನಟ್ ಬಟರ್ ಕುಕೀ ಮಾಡುತ್ತಿರುವ ಅಡುಗೆಮನೆಯಲ್ಲೇ ಅದೇ ಮರದ ಲಟ್ಟಣಿಗೆ, ಜರಡಿ, ಮಡಿಕೆಯಂಚಿನ ಅಚ್ಚುಗಳಿಂದ ಮಾಡಿದ ಇನ್ನೊಂದು ಕುಕೀಯನ್ನು ಸುರಕ್ಷಿತ ಎನ್ನಲಾಗದು. ಕೈಗೆ ಸೋಪು, ನೀರೇ ಬೇಕು. ಸ್ಯಾನಿಟೈಸರ್‌ನಿಂದ ಆ ಪ್ರೋಟೀನ್ ಹೋಗುವುದಿಲ್ಲ. ಆ ಮನೆಯವರನ್ನೇ ಕೇಳಿ, ಅವರು ಹಿಂಜರಿದರೆ ತಿನ್ನದ ಉಡುಗೊರೆ ಕೊಡಿ. ಉಳಿದವರಿಗೆ ಕೊಡುವ ಪ್ರತಿ ಡಬ್ಬಿಯ ಮೇಲೂ ಕಡಲೆಬೀಜ, ಗೋಧಿ, ಹಾಲು, ಮೊಟ್ಟೆ ಇದೆ ಎಂದು ಬರೆದಿರಲಿ. ಐಸಿಂಗ್‌ನಡಿ ಮುಚ್ಚಿಹೋದ ಪೀನಟ್ ಬಟರ್ ಕುಕೀಯನ್ನು ನೋಡಿ ಯಾರೂ ಗುರುತಿಸಲಾರರು. ಮನೆಯಲ್ಲಿ ನಾಯಿ ಇದ್ದರೆ ಇನ್ನೊಂದು ಮಾತು: ಸಕ್ಕರೆರಹಿತ ಪೀನಟ್ ಬಟರ್‌ಗಳಲ್ಲಿ ಕೆಲವಕ್ಕೆ ಕ್ಸೈಲಿಟಾಲ್ ಎಂಬ ಸಿಹಿಕಾರಕ ಸೇರಿಸಿರುತ್ತಾರೆ, ಅದು ನಾಯಿಗೆ ವಿಷ.

ಪ್ರಶ್ನೆ: ಎಷ್ಟು ದಿನ ಮೊದಲೇ ಮಾಡಿಡಬಹುದು? ಮರಕ್ಕೆ ತೂಗುಹಾಕಲು ತೂತು ಯಾವಾಗ ಮಾಡಬೇಕು?

ಉತ್ತರ: ಹಿಟ್ಟು ಫ್ರಿಜ್ಜಿನಲ್ಲಿ 3 ದಿನ, ಲಟ್ಟಿಸಿದ ಹಾಳೆಯಾಗಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ 2 ತಿಂಗಳು. ಬೇಯಿಸಿದ, ಅಲಂಕರಿಸದ ಕುಕೀ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ಆಮೇಲೆ ಹಾಳಾಗುತ್ತದೆ ಎಂದಲ್ಲ, ಎಣ್ಣೆ ನಿಧಾನವಾಗಿ ಕಮಟುತ್ತದೆ. ಬಿಸಿಲು ಬೀಳುವ ಕಪಾಟಿನಲ್ಲಿ ಇನ್ನೂ ಬೇಗ. ಫ್ರೀಜರ್‌ನಿಂದ ತೆಗೆದ ಡಬ್ಬಿಯನ್ನು ಕೋಣೆಯ ಉಷ್ಣತೆಗೆ ಬರುವವರೆಗೆ ತೆರೆಯಬೇಡಿ. 25ಕ್ಕೆ ಹಬ್ಬವೆಂದರೆ 20ರಂದು ಬೇಯಿಸಿ, ರಾತ್ರಿಯಿಡೀ ಟಿಶ್ಯೂ ಮೇಲೆ ಬಿಟ್ಟು, 21ರಂದು ಮೊದಲ ಬಣ್ಣ, 22ರಂದು ಮೇಲಿನ ಗೆರೆ, ಚುಕ್ಕಿ, 23ರಂದು ಡಬ್ಬಿಗೆ ಹಾಕಿ. ಎಣ್ಣೆಯ ಕಲೆ ಕಾಣಿಸಿಕೊಳ್ಳುವ ಮೊದಲೇ ಕುಕೀ ತಿನ್ನುವವರ ಕೈ ಸೇರಿರುತ್ತದೆ. ಡಬ್ಬಿಯಲ್ಲಿ ಪದರ ಪದರದ ನಡುವೆ ಬೇಕಿಂಗ್ ಪೇಪರ್ ಇಡಿ, ಮೂರು ಪದರಕ್ಕಿಂತ ಹೆಚ್ಚು ಪೇರಿಸಬೇಡಿ.

ತೂತನ್ನು ಬೇಯಿಸುವ ಮೊದಲೇ, ದಪ್ಪ ಸ್ಟ್ರಾದಿಂದ, ಅಂಚಿನಿಂದ ಕನಿಷ್ಠ 1 ಸೆಂ.ಮೀ. ಒಳಗೆ ಮಾಡಿ. ಬೇಯುವಾಗ ಅದು ಕಿರಿದಾಗುತ್ತದೆ, ಓವನ್ನಿನಿಂದ ಬಂದ ಕೂಡಲೇ ಅದೇ ಸ್ಟ್ರಾದಿಂದ ಇನ್ನೊಮ್ಮೆ ಒತ್ತಿ. ತೂಗುವ ಕುಕೀಗೆ 8 ಮಿ.ಮೀ. ದಪ್ಪ, ಎರಡು ನಿಮಿಷ ಹೆಚ್ಚು ಬೇವು. ಹಾಗಿದ್ದೂ ತೇವ ಹೀರಿ ಮೆತ್ತಗಾಗಿ ತೂತಿನ ಬಳಿ ಹರಿಯುವುದು ಈ ಕುಕೀಯ ಗುಣ; ಎರಡು ದಿನಕ್ಕಿಂತ ಹೆಚ್ಚು ತೂಗಿಸುವ ಯೋಚನೆ ಇದ್ದರೆ ಆ ಕೆಲಸಕ್ಕೆ ಶುಂಠಿಯ ಜಿಂಜರ್‌ಬ್ರೆಡ್ ಮಾಡಿ, ಪೀನಟ್ ಬಟರಿನದನ್ನು ತಟ್ಟೆಗೆ ಇಡಿ.